ಇಲ್ಲದ ಸೇತುವೆಗಳ ನೋಟು

ಬಲ್ಗೇರಿಯಾದ ಅಂಗಡಿಗಳಲ್ಲಿ 2025ರ ಆಗಸ್ಟ್‌ನಿಂದ ಪ್ರತಿ ಸಾಮಾನಿನ ಮೇಲೂ ಎರಡೆರಡು ಬೆಲೆ ಬರೆಯಬೇಕಾಯಿತು. ಬ್ರೆಡ್ಡಿಗೆ ಎರಡು, ಮೊಸರಿನ ಡಬ್ಬಿಗೆ ಎರಡು. ಒಂದು ಅವರ ಹಳೆಯ ಲೆವ್‌ನಲ್ಲಿ, ಇನ್ನೊಂದು ಬರಲಿದ್ದ ಯೂರೊದಲ್ಲಿ. 2026ರ ಜನವರಿ 1ರಂದು ಆ ದೇಶ ಯೂರೊ ವಲಯದ 21ನೇ ಸದಸ್ಯನಾಯಿತು. ಒಂದು ತಿಂಗಳು ಎರಡೂ ಹಣ ನಡೆದವು, ಆಮೇಲೆ ಲೆವ್‌ಗೆ ವಿದಾಯ. ವಿನಿಮಯ ದರ, ಒಂದು ಯೂರೊಗೆ 1.95583 ಲೆವ್.

ಈ ಅಂಕಿಯಲ್ಲೊಂದು ಕಥೆಯಿದೆ. 1999ರಲ್ಲಿ ಜರ್ಮನಿಯ ಮಾರ್ಕ್ ಯೂರೊದಲ್ಲಿ ಕರಗಿದಾಗ ನಿಗದಿಯಾದ ದರವೂ ಒಂದು ಯೂರೊಗೆ ಸರಿಯಾಗಿ 1.95583 ಮಾರ್ಕ್. ಇದು ಕಾಕತಾಳೀಯವಲ್ಲ. 1996–97ರಲ್ಲಿ ಬಲ್ಗೇರಿಯಾದ ಬ್ಯಾಂಕುಗಳು ಸಾಲಾಗಿ ಮುಳುಗಿದವು. 1997ರ ಫೆಬ್ರುವರಿ ಒಂದೇ ತಿಂಗಳಲ್ಲಿ ಬೆಲೆಗಳು ಮೂರು ಪಟ್ಟು ದಾಟಿದವು. ನಿವೃತ್ತರ ಪಿಂಚಣಿ ಕೈಗೆ ಬರುವಷ್ಟರಲ್ಲಿ ಕರಗಿರುತ್ತಿತ್ತು. ಕೊನೆಗೆ ಆ ವರ್ಷದ ಜುಲೈನಲ್ಲಿ ಲೆವ್ ಅನ್ನು ಜರ್ಮನ್ ಮಾರ್ಕಿಗೆ ಕಟ್ಟಿಹಾಕಿದರು. ಎರಡು ವರ್ಷದ ಮೇಲೆ ಮೂರು ಸೊನ್ನೆ ಕಿತ್ತು, ಒಂದು ಲೆವ್‌ಗೆ ಒಂದು ಮಾರ್ಕ್ ಎಂದರು. ಜರ್ಮನರು ತಮ್ಮ ಮಾರ್ಕ್ ಬಿಟ್ಟುಕೊಟ್ಟರೂ ಅದರ ನೆರಳು ಸೋಫಿಯಾದ ಗಲ್ಲಾಪೆಟ್ಟಿಗೆಗಳಲ್ಲಿ ಇಪ್ಪತ್ತನಾಲ್ಕು ವರ್ಷ ಉಳಿಯಿತು. ಲೆವ್ ಎಂದರೆ ಅವರ ಹಳೆಯ ಭಾಷೆಯಲ್ಲಿ ಸಿಂಹ. 2025ರಲ್ಲಿ ‘ನಮ್ಮ ಲೆವ್ ನಮಗಿರಲಿ’ ಎಂದು ಬೀದಿಗಿಳಿದವರು ಕಾಯಲು ಹೊರಟದ್ದು ಜರ್ಮನ್ ಗೂಟಕ್ಕೆ ಕಟ್ಟಿದ ಸಿಂಹವನ್ನು.

ಇದನ್ನು ಅವರನ್ನು ಗೇಲಿ ಮಾಡಲು ಹೇಳುತ್ತಿಲ್ಲ. ಹಣದ ವಿಷಯದಲ್ಲಿ ಜನರ ಮನಸ್ಸು ಅರ್ಥಶಾಸ್ತ್ರಜ್ಞರ ಕೋಷ್ಟಕದಂತೆ ಕೆಲಸ ಮಾಡುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಚೊಕ್ಕ ಉದಾಹರಣೆ ನನಗೆ ಸಿಕ್ಕಿಲ್ಲ. ಯೂರೊ ಬಗ್ಗೆ ಯಾವ ದೇಶದ ನಿಲುವು ಏನು ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ವ್ಯಾಪಾರ, ಬಡ್ಡಿದರ, ಸಾರ್ವಭೌಮತ್ವ ಎಂಬ ದೊಡ್ಡ ಮಾತುಗಳಲ್ಲಿ ಉತ್ತರ ಬರುತ್ತದೆ. ನನ್ನ ಅಂದಾಜು ಬೇರೆ. ಒಂದು ದೇಶದ ಜನ ಯೂರೊವನ್ನು ಎಷ್ಟು ಬಯಸುತ್ತಾರೆ ಎಂಬುದು ತಮ್ಮದೇ ಸರಕಾರವನ್ನು ಅವರು ಎಷ್ಟು ನಂಬುವುದಿಲ್ಲ ಎಂಬುದರ ಅಳತೆ. ಸ್ವಂತ ಯಜಮಾನನ ಕೈಯಲ್ಲಿ ಬೀಗದ ಕೈ ಇದ್ದಾಗ ಪೆಟ್ಟಿಗೆ ಬರಿದಾದದ್ದನ್ನು ಕಂಡ ಮನೆಯವರು, ಅದನ್ನು ಊರಾಚೆಯವನಿಗೆ ಕೊಡಲೂ ತಯಾರು.

ಮೊದಲು ಜರ್ಮನಿ, ಏಕೆಂದರೆ ನನ್ನ ಮಾತಿಗೆ ಅಡ್ಡ ಬರುವ ದೇಶ ಅದೇ. 1923ರ ನವೆಂಬರಿನಲ್ಲಿ ಅಲ್ಲಿ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್. ಯುದ್ಧದಲ್ಲಿ ಸೋತು ಮಲಗಿದ್ದ ದೇಶದ ಪಶ್ಚಿಮ ಭಾಗಕ್ಕೆ 1948ರ ಜೂನ್ 20ರಂದು ಹೊಸ ಡಾಯ್ಚ್‌ಮಾರ್ಕ್ ಬಂತು, ಆರಂಭಕ್ಕೆ ತಲೆಗೆ ನಲವತ್ತು. ಖಾಲಿಯಿದ್ದ ಅಂಗಡಿ ಕಪಾಟುಗಳು ರಾತ್ರಿ ಬೆಳಗಾಗುವುದರೊಳಗೆ ತುಂಬಿದವು. ಪಶ್ಚಿಮ ಜರ್ಮನಿ ಎಂಬ ಗಣರಾಜ್ಯ ಹುಟ್ಟಿದ್ದು ಮರುವರ್ಷ ಮೇ ತಿಂಗಳಲ್ಲಿ. ಅಂದರೆ ಹಣ ಅಕ್ಕ, ದೇಶ ತಂಗಿ. ಬರ್ಲಿನ್ ಗೋಡೆ ಬಿದ್ದ ಮೇಲೂ ಹೀಗೇ ಆಯಿತು. ಮಾರ್ಕ್ ನಮ್ಮಲ್ಲಿಗೆ ಬರದಿದ್ದರೆ ಮಾರ್ಕ್ ಇದ್ದಲ್ಲಿಗೆ ನಾವೇ ಬರುತ್ತೇವೆ ಎಂದು ಪೂರ್ವದವರು ಮೆರವಣಿಗೆಯಲ್ಲಿ ಕೂಗಿದರು. 1990ರ ಜುಲೈ 1ಕ್ಕೆ ಮಾರ್ಕ್ ಪೂರ್ವಕ್ಕೆ ಹೋಯಿತು, ದೇಶಗಳು ಒಂದಾದದ್ದು ಅಕ್ಟೋಬರ್ 3ಕ್ಕೆ.

ಎರಡು ಸಲ ಹಣ ಮುಂದೆ ಹೋಗಿ, ದೇಶ ಹಿಂದೆ ಬಂದದ್ದನ್ನು ಕಂಡಿದ್ದ ಚಾನ್ಸಲರ್ ಹೆಲ್ಮುಟ್ ಕೋಲ್, ಮೂರನೇ ಸಲವೂ ಹಾಗೇ ಆದೀತು ಎಂದು ಎಣಿಸಿದ್ದರೆ ಅದರಲ್ಲಿ ತಪ್ಪು ಹುಡುಕುವುದು ಕಷ್ಟ. 1992ರ ಫೆಬ್ರುವರಿ 7ರಂದು ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್ ಪಟ್ಟಣದಲ್ಲಿ ಹನ್ನೆರಡು ದೇಶಗಳು ಒಂದೇ ಹಣಕ್ಕೆ ದಾರಿ ಮಾಡಿದ ಒಪ್ಪಂದಕ್ಕೆ ಸಹಿ ಹಾಕಿದವು. ಜರ್ಮನ್ ಮತದಾರನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಬೇಡ ಎನ್ನುತ್ತಿದ್ದ ಎಂಬುದು ಕೋಲ್‌ಗೂ ಗೊತ್ತಿತ್ತು. ಆದರೆ ಗಮನಿಸಿ, ಜರ್ಮನರು ನಂಬಿದ್ದು ತಮ್ಮ ರಾಜಕಾರಣಿಗಳನ್ನಲ್ಲ, ಅವರ ಕೈಗೆ ಎಟುಕದಂತೆ ಫ್ರಾಂಕ್‌ಫರ್ಟ್‌ನಲ್ಲಿ ಕೂತಿದ್ದ ಬುಂಡೆಸ್‌ಬ್ಯಾಂಕನ್ನು. ಹಾಗಾಗಿ ಅವರನ್ನು ಸಮಾಧಾನ ಮಾಡಲು ಐರೋಪ್ಯ ಕೇಂದ್ರ ಬ್ಯಾಂಕನ್ನು ಅದೇ ಅಚ್ಚಿನಲ್ಲಿ ಎರಕ ಹೊಯ್ದು, ಅದೇ ಫ್ರಾಂಕ್‌ಫರ್ಟ್‌ನಲ್ಲಿ ಕೂರಿಸಿದರು. ಆ ಮಟ್ಟಿಗೆ ಜರ್ಮನಿ ನನ್ನ ಮಾತನ್ನು ಮುರಿಯುವುದಿಲ್ಲ, ಬೇರೆ ದಾರಿಯಲ್ಲಿ ಬಂದು ಅಲ್ಲಿಗೇ ಸೇರುತ್ತದೆ.

2001ರ ಡಿಸೆಂಬರಿನಲ್ಲಿ ಜರ್ಮನ್ ಬ್ಯಾಂಕುಗಳ ಮುಂದೆ ಸರತಿ ಸಾಲು. ಇಪ್ಪತ್ತು ಮಾರ್ಕ್ ಕೊಟ್ಟರೆ ಪುಟ್ಟ ಪ್ಲಾಸ್ಟಿಕ್ ಚೀಲದಲ್ಲಿ ಇಪ್ಪತ್ತು ಹೊಸ ನಾಣ್ಯ, ಒಟ್ಟು 10.23 ಯೂರೊ. ಕೈಮೇಲೆ ಸುರಿದುಕೊಂಡು ತಿರುವಿ ನೋಡಿದರು. ಕೆಲವೇ ವಾರಗಳಲ್ಲಿ ಅದಕ್ಕೊಂದು ಅಡ್ಡಹೆಸರು ಹುಟ್ಟಿತು, ‘ಟಾಯ್ರೊ’. ಅವರ ಭಾಷೆಯಲ್ಲಿ ‘ಟಾಯರ್’ ಎಂದರೆ ದುಬಾರಿ. ಸರಕಾರಿ ಅಂಕಿಅಂಶದಲ್ಲಿ ಆ ವರ್ಷದ ಹಣದುಬ್ಬರ ಜಾಸ್ತಿಯೇನೂ ಇರಲಿಲ್ಲ. ಟಿವಿ, ಕಂಪ್ಯೂಟರ್ ಅಗ್ಗವಾಗಿದ್ದವು. ಆದರೆ ಟಿವಿ ಕೊಳ್ಳುವುದು ಹತ್ತು ವರ್ಷಕ್ಕೊಮ್ಮೆ, ಕಾಫಿ ಕುಡಿಯುವುದು ದಿನಕ್ಕೆರಡು ಸಲ. ಕಾಫಿ, ಕ್ಷೌರ, ಹೋಟೆಲ್ ಊಟದ ಬೆಲೆಯನ್ನು ಮಾಲೀಕರು ಮೇಲಕ್ಕೇ ದುಂಡು ಮಾಡಿದ್ದರು. ಇಟಲಿಯಲ್ಲಂತೂ, ನಿನ್ನೆ ಸಾವಿರ ಲೀರಾಕ್ಕೆ ಸಿಗುತ್ತಿದ್ದದ್ದು ಇಂದು ಒಂದು ಯೂರೊ ಎಂಬ ದೂರು ಇವತ್ತಿಗೂ ಕೇಳುತ್ತದೆ. ಒಂದು ಯೂರೊಗೆ 1936.27 ಲೀರಾ ಎಂಬ ಲೆಕ್ಕದಲ್ಲಿ ಅದು ಹೆಚ್ಚೂಕಡಿಮೆ ದುಪ್ಪಟ್ಟು. ಅಂಕಿಅಂಶ ಇಲಾಖೆ ಏನೇ ಹೇಳಲಿ, ಜೇಬಿಗೆ ಅದರದೇ ಸೂಚ್ಯಂಕ.

ನಮ್ಮಲ್ಲೂ ಒಂದು ಭಾಗದ ಜನರಿಗೆ ಇದು ಹೊಸ ಸಂಗತಿಯಲ್ಲ. ಕಲಬುರಗಿ, ಬೀದರ್, ರಾಯಚೂರಿನ ಹಿರಿಯರು ನಿಜಾಮರ ಹಾಲಿ ಸಿಕ್ಕಾ ರೂಪಾಯಿ ಎಣಿಸಿದವರು. ಏಳು ಹಾಲಿ ಸಿಕ್ಕಾ ಕೊಟ್ಟರೆ ಆರು ಇಂಗ್ಲಿಷ್ ರೂಪಾಯಿ. ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ವಿಲೀನವಾದ ಮೇಲೂ ಆ ಹಣ ಐವತ್ತರ ದಶಕದವರೆಗೆ ಉಸಿರಾಡುತ್ತಿತ್ತು. ಅಲ್ಲಿ ಮೊದಲು ರಾಜ್ಯ ಬಂತು, ಹಿಂದಿನಿಂದ ರೂಪಾಯಿ ಬಂತು. ಯುರೋಪು ಗಾಡಿಯನ್ನು ಮುಂದೆ ಕಟ್ಟಿ ಎತ್ತನ್ನು ಹಿಂದೆ ಹೂಡಿತು.

ಇಟಲಿಯವರು ಯೂರೊದೊಳಗೆ ಹೋಗಲು ತೆರಿಗೆ ಕಟ್ಟಿದರು. ಅಕ್ಷರಶಃ. ಕೊರತೆಯನ್ನು ಒಪ್ಪಂದದ ಮಿತಿಯಾದ ಜಿಡಿಪಿಯ ಶೇ 3ಕ್ಕೆ ಇಳಿಸಲು ರೊಮಾನೊ ಪ್ರೋದಿ ಸರಕಾರ 1997ರಲ್ಲಿ ‘ಯುರೋಪಿನ ತೆರಿಗೆ’ ಎಂದೇ ಹೆಸರಿಟ್ಟು ವಸೂಲಿ ಮಾಡಿತು. ಆಮೇಲೆ ಅದರಲ್ಲಿ ಶೇ 60ರಷ್ಟು ಜನರಿಗೆ ಹಿಂದಿರುಗಿತು. ಹೊರಗಿನ ಹಣವೊಂದು ತಮ್ಮಲ್ಲಿಗೆ ಬರಲೆಂದು ಜನ ದೊಡ್ಡ ಗದ್ದಲವಿಲ್ಲದೆ ತೆರಿಗೆ ಕಟ್ಟಿದ್ದನ್ನು ಬ್ರಿಟನ್ನಿನಲ್ಲಿ ಊಹಿಸಿಕೊಳ್ಳಿ! ಇಟಲಿಯವರಿಗೆ ರೋಮ್‌ಗಿಂತ ಐರೋಪ್ಯ ಒಕ್ಕೂಟದ ಬ್ರಸೆಲ್ಸ್ ಮೇಲೆ ನಂಬಿಕೆ ಹೆಚ್ಚಿತ್ತು. ಲೀರಾದ ಅಪಮೌಲ್ಯವನ್ನು ಅವರು ಎಷ್ಟು ಸಲ ಕಂಡಿರಲಿಲ್ಲ? ಆಮೇಲಿನ ಎರಡು ದಶಕ ಇಟಲಿಯ ಬೆಳವಣಿಗೆ ತೆವಳಿತು, ಮುನಿಸು ಬೆಳೆಯಿತು, ರಾಜಕಾರಣಿ ಮತ್ತೆಯೊ ಸಾಲ್ವಿನಿ ‘ಯೂರೊ ಸಾಕು’ ಎಂಬ ಅಂಗಿ ತೊಟ್ಟು ಪ್ರಚಾರ ಮಾಡಿದರು. ಅಧಿಕಾರಕ್ಕೆ ಬಂದ ಮೇಲೆ ಆ ಅಂಗಿ ಪೆಟ್ಟಿಗೆಯೊಳಗೆ ಹೋಯಿತು. ಫ್ರಾನ್ಸಿನಲ್ಲಿ ಅಧ್ಯಕ್ಷ ಸ್ಥಾನಕ್ಕೆ ನಿಂತ ಮರೀನ್ ಲೆ ಪೆನ್ 2017ರಲ್ಲಿ ಫ್ರಾಂಕ್ ವಾಪಸು ತರುತ್ತೇನೆಂದರು, ಸೋತ ಮೇಲೆ ಆ ಮಾತು ಬಿಟ್ಟರು. ಇಬ್ಬರಿಗೂ ಅಡ್ಡ ಬಂದದ್ದು ಒಂದೇ. ತಮಗೆ ಮತ ಹಾಕುವ ಅಜ್ಜಿಯೇ ತನ್ನ ಉಳಿತಾಯ ಯೂರೊದಲ್ಲಿರಲಿ ಎನ್ನುತ್ತಾಳೆ.

ಈಗ ಬೇಡ ಎಂದವರ ಕಡೆ ಬರೋಣ. ಯೂರೊ ಬೇಕೇ ಬೇಡವೇ ಎಂಬ ಒಂದೇ ಪ್ರಶ್ನೆಯನ್ನು ನೇರವಾಗಿ ಜನರ ಮುಂದಿಟ್ಟವು ಡೆನ್ಮಾರ್ಕ್ ಮತ್ತು ಸ್ವೀಡನ್. ಎರಡೂ ಕಡೆ ಬೇಡ ಎಂದೇ ಉತ್ತರ. 2000ದ ಸೆಪ್ಟೆಂಬರ್ 28ರಂದು ಡೆನ್ಮಾರ್ಕಿನಲ್ಲಿ ಶೇ 53.2 ಮಂದಿ, 2003ರ ಸೆಪ್ಟೆಂಬರ್ 14ರಂದು ಸ್ವೀಡನ್ನಿನಲ್ಲಿ ಸುಮಾರು ಶೇ 56 ಮಂದಿ ತಿರಸ್ಕರಿಸಿದರು. ಸ್ವೀಡನ್ನಿನ ಮತದಾನಕ್ಕೆ ನಾಲ್ಕು ದಿನ ಮೊದಲು ಯೂರೊ ಪರ ಪ್ರಚಾರದ ಮುಖವಾಗಿದ್ದ ವಿದೇಶಾಂಗ ಸಚಿವೆ ಅನ್ನಾ ಲಿಂಡ್ ಅವರಿಗೆ ಸ್ಟಾಕ್‌ಹೋಮಿನ ಅಂಗಡಿಯೊಂದರಲ್ಲಿ ಚೂರಿ ಇರಿತವಾಯಿತು, ಮರುದಿನ ತೀರಿಕೊಂಡರು. ದೇಶ ಅತ್ತಿತು. ಅಳುತ್ತಲೇ ಹೋಗಿ ಬೇಡ ಎಂದು ಮತ ಹಾಕಿತು. ಅನುಕಂಪಕ್ಕೂ ಹಣದ ವಿಷಯಕ್ಕೂ ನಡುವೆ ಆ ಜನ ಇಟ್ಟುಕೊಂಡಿದ್ದ ಅಂತರ ನನ್ನನ್ನು ಬೆರಗುಗೊಳಿಸುತ್ತದೆ.

ಡೆನ್ಮಾರ್ಕಿನದು ಇನ್ನೂ ವಿಚಿತ್ರ. ಅದರ ಕ್ರೋನೆ ಯೂರೊಗೆ ಕಟ್ಟಿಹಾಕಿದ ಹಣ. ಮಧ್ಯದ ದರ 7.46038, ಅದರಿಂದ ಶೇ 2.25ಕ್ಕಿಂತ ಆಚೀಚೆ ಹೋಗುವಂತಿಲ್ಲ. ಫ್ರಾಂಕ್‌ಫರ್ಟ್ ಬಡ್ಡಿದರ ಬದಲಿಸಿದರೆ ಕೋಪನ್‌ಹೇಗನ್ ಬೆನ್ನಿಗೇ ಬದಲಿಸುತ್ತದೆ. 2015ರ ಜನವರಿಯಲ್ಲಿ ಸ್ವಿಟ್ಜರ್ಲೆಂಡ್ ತನ್ನ ಫ್ರಾಂಕಿನ ಕಟ್ಟು ಬಿಚ್ಚಿದಾಗ ಮುಂದಿನ ಸರದಿ ಕ್ರೋನೆಯದ್ದೇ ಎಂದು ಸಟ್ಟಾಗಾರರು ಮುಗಿಬಿದ್ದರು. ಡೆನ್ಮಾರ್ಕ್ ಕೆಲವೇ ವಾರಗಳಲ್ಲಿ ಬಡ್ಡಿಯನ್ನು ಮೈನಸ್ 0.75ಕ್ಕೆ ಇಳಿಸಿ, ಸರಕಾರಿ ಬಾಂಡ್ ಮಾರುವುದನ್ನೇ ನಿಲ್ಲಿಸಿ ಆ ಕಟ್ಟನ್ನು ಉಳಿಸಿಕೊಂಡಿತು. ಯೂರೊದ ಎಲ್ಲ ಕಟ್ಟುಪಾಡುಗಳನ್ನು ಪಾಲಿಸಿ, ತೀರ್ಮಾನದ ಮೇಜಿನಲ್ಲಿ ಕುರ್ಚಿ ಮಾತ್ರ ಬೇಡ ಎನ್ನುವುದು ಅರ್ಥಶಾಸ್ತ್ರದ ಪುಸ್ತಕದಲ್ಲಿ ಮೂರ್ಖತನ. ಆದರೆ ಡೇನರ ಕಣ್ಣಲ್ಲಿ ನೋಡಿ. ಅಲ್ಲಿ ಮತದಾನಕ್ಕೆ ಮುಂಚೆ ನಡೆದ ವಾದದಲ್ಲಿ ಎದ್ದು ಕಂಡದ್ದು ಬಡ್ಡಿದರವಲ್ಲ, ವೃದ್ಧಾಪ್ಯ ಪಿಂಚಣಿ. ತಮ್ಮ ಸರಕಾರ ಹುಟ್ಟಿನಿಂದ ಚಟ್ಟದವರೆಗೆ ನೋಡಿಕೊಳ್ಳುತ್ತದೆ ಎಂದು ನಂಬಿದವರು ಬೀಗದ ಕೈಯನ್ನು ಹೊರಗೆ ಯಾಕೆ ಕೊಡುತ್ತಾರೆ? ಬಾಗಿಲು ತೆರೆದೇ ಇದ್ದರೂ ಬೀಗದ ಕೈ ಸೊಂಟದಲ್ಲಿರಲಿ ಎಂಬ ಮನೆಯೊಡತಿಯ ಹಟ ಅದು.

ಸ್ವೀಡನ್ ಜಾಣತನ ತೋರಿತು. ಒಪ್ಪಂದದ ಪ್ರಕಾರ ಅದು ಯೂರೊ ಸೇರಲೇಬೇಕು. ಸೇರಲು ಮೊದಲು ವಿನಿಮಯ ದರದ ವ್ಯವಸ್ಥೆಯೊಳಗೆ ಎರಡು ವರ್ಷ ಕಳೆಯಬೇಕು. ಆ ವ್ಯವಸ್ಥೆಯೊಳಗೆ ಹೋಗುವುದು ದೇಶದ ಇಚ್ಛೆಗೆ ಬಿಟ್ಟದ್ದು. ಸ್ವೀಡನ್ ಹೋಗುವುದೇ ಇಲ್ಲ! ಬ್ರಿಟನ್ನಿನದು ದೊಡ್ಡ ರಂಪವಾಗಿ ಕಂಡರೂ ಈ ಮಟ್ಟಿಗೆ ಸಣ್ಣ ಅಧ್ಯಾಯ. 1992ರ ಸೆಪ್ಟೆಂಬರ್ 16ರಂದು ಪೌಂಡ್ ಆ ವಿನಿಮಯ ವ್ಯವಸ್ಥೆಯಿಂದ ಹೊರಬಿದ್ದ ಅವಮಾನವನ್ನು ಆ ದೇಶ ಮರೆಯಲಿಲ್ಲ, ಹಣಕಾಸು ಸಚಿವ ಗಾರ್ಡನ್ ಬ್ರೌನ್ ಒಡ್ಡಿದ ಐದು ಪರೀಕ್ಷೆಗಳಲ್ಲಿ ಯೂರೊ ಪಾಸಾಗಲಿಲ್ಲ.

ಗ್ರೀಸಿನ ಬಳಿ ನಿಲ್ಲಬೇಕು. 2009ರ ಕೊನೆಗೆ ಹೊಸ ಸರಕಾರ ಲೆಕ್ಕ ತೆರೆದು ನೋಡಿದರೆ ಕೊರತೆ ಹಿಂದಿನವರು ಹೇಳಿದ್ದಕ್ಕಿಂತ ಎಷ್ಟೋ ಪಟ್ಟು. 2010ರ ಮೇ ತಿಂಗಳಲ್ಲಿ 11,000 ಕೋಟಿ ಯೂರೊ ಸಾಲದ ಕಂತು ಶುರುವಾಯಿತು. ಜೊತೆಗೆ ಪಿಂಚಣಿ ಕಡಿತ, ಸಂಬಳ ಕಡಿತ. ಕೆಲವೇ ವರ್ಷಗಳಲ್ಲಿ ದೇಶದ ಜಿಡಿಪಿಯ ಕಾಲು ಭಾಗ ಕರಗಿತು. 2013ರಲ್ಲಿ ನಿರುದ್ಯೋಗ ಶೇ 27 ದಾಟಿತು. ಉತ್ತರದವರಿಗೆ ಇದು ಶಿಸ್ತಿನ ಪ್ರಶ್ನೆ. ಜರ್ಮನ್ ಚಾನ್ಸಲರ್ ಏಂಗೆಲಾ ಮರ್ಕೆಲ್ 2008ರಲ್ಲೇ ಶ್ವಾಬಿಯಾದ ಗೃಹಿಣಿಯ ಉದಾಹರಣೆ ಕೊಟ್ಟಿದ್ದರು. ನಮ್ಮ ಅಜ್ಜಿಯರ ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬುದರ ಜರ್ಮನ್ ರೂಪ ಅದು. ಜರ್ಮನ್ ಭಾಷೆಯಲ್ಲಿ ‘ಶುಲ್ಡ್’ ಎಂಬ ಒಂದೇ ಮಾತಿಗೆ ಸಾಲ ಎಂದೂ ಅರ್ಥ, ತಪ್ಪು ಎಂದೂ ಅರ್ಥ. ನಾವು ಕನ್ನಡದಲ್ಲಿ ಅಂಗಡಿಯ ಬಾಕಿಗೆ ಸಾಲ ಎನ್ನುತ್ತೇವೆ, ಅನ್ನ ಹಾಕಿದವರಿಗೆ ಇರುವುದನ್ನು ಋಣ ಎನ್ನುತ್ತೇವೆ. ಒಂದನ್ನು ತೀರಿಸಬಹುದು, ಇನ್ನೊಂದನ್ನು ತೀರಿಸಿದೆ ಎಂದರೆ ಅಪಚಾರ. ಸಾಲ ಮಾಡಿದ ಗ್ರೀಕನನ್ನು ಜರ್ಮನ್ ಪತ್ರಿಕೆಗಳು ತಪ್ಪಿತಸ್ಥನಂತೆ ನಡೆಸಿಕೊಂಡದ್ದರಲ್ಲಿ ಭಾಷೆಯ ಪಾತ್ರವೂ ಇದೆ ಎಂದು ನನ್ನ ಗುಮಾನಿ. ಸಾಲ ಕೊಟ್ಟ ಬ್ಯಾಂಕುಗಳು ಜರ್ಮನಿ, ಫ್ರಾನ್ಸಿನವೂ ಆಗಿದ್ದವು ಎಂಬುದು ಆ ಪತ್ರಿಕೆಗಳ ತಲೆಬರಹದಲ್ಲಿ ಅಷ್ಟಾಗಿ ಕಾಣಲಿಲ್ಲ.

2015ರ ಜೂನ್ 29ಕ್ಕೆ ಗ್ರೀಸಿನ ಬ್ಯಾಂಕುಗಳು ಬಾಗಿಲು ಹಾಕಿದವು. ಎಟಿಎಂನಿಂದ ದಿನಕ್ಕೆ 60 ಯೂರೊ ಮಾತ್ರ. ಇಪ್ಪತ್ತರ ನೋಟು ತೀರಿದ ಯಂತ್ರಗಳಲ್ಲಿ ಅದು ಐವತ್ತಕ್ಕೇ ನಿಲ್ಲುತ್ತಿತ್ತು. ಕಾರ್ಡ್ ಇಲ್ಲದ ಮುದುಕರು ಪಿಂಚಣಿಗಾಗಿ ಮುಚ್ಚಿದ ಬ್ಯಾಂಕುಗಳ ಮುಂದೆ ಗುಂಪುಗೂಡಿದರು. (ಮರುವರ್ಷ ನವೆಂಬರಿನಲ್ಲಿ ನೋಟು ರದ್ದಾದಾಗ ನಾವೂ ಹಾಗೆ ನಿಂತಿದ್ದರಿಂದ ಆ ಚಿತ್ರ ವಿವರಿಸಬೇಕಾಗಿಲ್ಲ.) ಜುಲೈ 5ರಂದು ಸಾಲದ ಷರತ್ತುಗಳ ಬಗ್ಗೆ ಜನಮತಗಣನೆ. ಶೇ 61.3 ಮಂದಿ ‘ಓಹಿ’ ಎಂದರು. ಗ್ರೀಕಿನಲ್ಲಿ ಓಹಿ ಎಂದರೆ ಬೇಡ. ಎಂಟು ದಿನ ಕಳೆಯುವುದರೊಳಗೆ ಪ್ರಧಾನಿ ಅಲೆಕ್ಸಿಸ್ ಸಿಪ್ರಾಸ್ ಬ್ರಸೆಲ್ಸಿನಲ್ಲಿ ರಾತ್ರಿಯಿಡೀ ಕೂತು, ಅದಕ್ಕಿಂತ ಕಠಿಣ ಎನ್ನಬಹುದಾದ ಷರತ್ತುಗಳಿಗೆ ಒಪ್ಪಿ ಬಂದರು.

ದ್ರೋಹ ಎಂದರು ಕೆಲವರು. ನನಗೆ ಹಾಗನ್ನಿಸುವುದಿಲ್ಲ. ಷರತ್ತು ಬೇಡ ಎಂದ ಅದೇ ಗ್ರೀಕರಲ್ಲಿ ಬಹುಪಾಲು ಜನ ಯೂರೊ ಇರಲಿ ಎಂದು ಸಮೀಕ್ಷೆಗಳಲ್ಲಿ ಹೇಳುತ್ತಲೇ ಬಂದಿದ್ದರು. ಸಿಪ್ರಾಸ್ ಆ ಎರಡನೇ ಉತ್ತರವನ್ನು ಪಾಲಿಸಿದರು, ಎರಡೇ ತಿಂಗಳಲ್ಲಿ ಚುನಾವಣೆ ಎದುರಿಸಿ ಮತ್ತೆ ಗೆದ್ದರು. ಫ್ರಾಂಕ್‌ಫರ್ಟ್ ಮೇಲೆ ಅಷ್ಟು ಸಿಟ್ಟಿದ್ದ ಜನ ದ್ರಾಕ್ಮಾಕ್ಕೆ ಯಾಕೆ ಮರಳಲಿಲ್ಲ? ದ್ರಾಕ್ಮಾ ಮುದ್ರಿಸುವ ಯಂತ್ರ ಯಾರ ಕೈಗೆ ಹೋಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಲೆಕ್ಕ ಮುಚ್ಚಿಟ್ಟಿದ್ದ ಕೈಗಳೇ ಅವು. ಕಟುಕ ಅಪರಿಚಿತ ಮತ್ತು ಮೋಸಗಾರ ನೆಂಟ, ಇಬ್ಬರಲ್ಲಿ ಒಬ್ಬರನ್ನು ಆರಿಸಿಕೊಳ್ಳಬೇಕಾದಾಗ ಅವರು ಅಪರಿಚಿತನನ್ನು ಆರಿಸಿಕೊಂಡರು.

ಎಲ್ಲವೂ ನಂಬಿಕೆಯ ಲೆಕ್ಕವಲ್ಲ, ಒಪ್ಪುತ್ತೇನೆ. ಫಿನ್ಲೆಂಡ್ ತನ್ನ ಸರಕಾರವನ್ನು ಸ್ವೀಡನ್ನಿನಷ್ಟೇ ನಂಬುವ ದೇಶ, ಆದರೂ ಮೊದಲ ದಿನವೇ ಯೂರೊ ಸೇರಿತು. 2011ರಲ್ಲಿ ಎಸ್ಟೋನಿಯ, 2014ರಲ್ಲಿ ಲಾಟ್ವಿಯ, 2015ರಲ್ಲಿ ಲಿಥುವೇನಿಯ ಗ್ರೀಸಿನ ಬೆಂಕಿ ಉರಿಯುತ್ತಿರುವಾಗಲೇ ಒಳಗೆ ಹೋದವು. ಭೂಪಟ ತೆಗೆದು ನೋಡಿದರೆ ಕಾರಣ ತಿಳಿಯುತ್ತದೆ. ಈ ನಾಲ್ಕಕ್ಕೂ ನೆರೆಮನೆ ರಷ್ಯ. ಆ ಜನಕ್ಕೆ ಯೂರೊ ಬರೀ ನಾಣ್ಯವಲ್ಲ, ಬೇಲಿ.

ಯೂರೊದ ನಿಜವಾದ ತೊಂದರೆ ಬೇರೆ ಕಡೆ ಇದೆ. ಅರ್ಥಶಾಸ್ತ್ರಜ್ಞ ರಾಬರ್ಟ್ ಮಂಡೆಲ್ 1961ರಲ್ಲೇ ಕೇಳಿದ್ದ ಪ್ರಶ್ನೆ ಅದು. ಒಂದೇ ಹಣ ಬಳಸುವ ಎರಡು ಪ್ರದೇಶಗಳಲ್ಲಿ ಒಂದು ಕುಸಿದರೆ ಏನು ಗತಿ? ಅದು ಅಪಮೌಲ್ಯ ಮಾಡಿ ಚೇತರಿಸಿಕೊಳ್ಳುವಂತಿಲ್ಲ. ಒಂದೋ ಜನ ಕೆಲಸ ಹುಡುಕಿ ಗುಳೆ ಹೋಗಬೇಕು, ಇಲ್ಲವೇ ಅನುಕೂಲಸ್ಥ ಪ್ರದೇಶದಿಂದ ಹಣ ಹರಿಯಬೇಕು. ಭಾರತದಲ್ಲಿ ಎರಡೂ ನಡೆಯುತ್ತವೆ. ಬಿಹಾರದ ಹುಡುಗ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಬರುತ್ತಾನೆ, ಬೆಂಗಳೂರಿನ ತೆರಿಗೆ ಹಣಕಾಸು ಆಯೋಗದ ಸೂತ್ರದ ಮೂಲಕ ಬಿಹಾರಕ್ಕೆ ಹೋಗುತ್ತದೆ. ಅದೂ ಜಗಳವಿಲ್ಲದೆ ನಡೆಯುವುದಿಲ್ಲ. ತೆರಿಗೆ ಹಂಚಿಕೆಯಲ್ಲಿ ಕರ್ನಾಟಕದ ಪಾಲು 14ನೇ ಆಯೋಗದ ಶೇ 4.71ರಿಂದ 15ನೇ ಆಯೋಗದಲ್ಲಿ ಶೇ 3.64ಕ್ಕೆ ಇಳಿದದ್ದಕ್ಕೆ ಮುಖ್ಯಮಂತ್ರಿ ಸಿದ್ದರಾಮಯ್ಯ ಸಂಪುಟ ಸಮೇತ ಜಂತರ್ ಮಂತರ್‌ನಲ್ಲಿ ಧರಣಿ ಕೂತಿದ್ದರು. ದಿನಾಂಕ 2024ರ ಫೆಬ್ರುವರಿ 7, ಮಾಸ್ಟ್ರಿಕ್ಟ್ ಸಹಿಗೆ ಸರಿಯಾಗಿ ಮೂವತ್ತೆರಡು ವರ್ಷ. ಅಷ್ಟು ಜಗಳವಾದರೂ ರೂಪಾಯಿ ಬಿಡೋಣ ಎಂದು ಯಾರೂ ಅನ್ನಲಿಲ್ಲ. ಜಗಳವಾಡಲು ಒಂದು ಆಯೋಗವಿದೆ, ಸಂಸತ್ತಿದೆ, ಸೋಲಿಸಲು ಒಂದು ಸರಕಾರವಿದೆ.

ಯುರೋಪಿನಲ್ಲಿ ಅದಿಲ್ಲ. ಒಕ್ಕೂಟದ ಒಟ್ಟು ಬಜೆಟ್ ಸದಸ್ಯ ದೇಶಗಳ ಆದಾಯದ ಸುಮಾರು ಶೇ 1 ಮಾತ್ರ. ಮನೆ ಒಂದು, ಒಲೆ ಇಪ್ಪತ್ತೊಂದು. 2012ರ ಜುಲೈ 26ರಂದು ಲಂಡನ್ನಿನಲ್ಲಿ ಐರೋಪ್ಯ ಕೇಂದ್ರ ಬ್ಯಾಂಕಿನ ಅಧ್ಯಕ್ಷ ಮಾರಿಯೊ ದ್ರಾಗಿ, ಯೂರೊ ಉಳಿಸಲು ಏನು ಬೇಕೋ ಅದನ್ನೆಲ್ಲ ಮಾಡುತ್ತೇವೆ ಎಂದೊಂದು ಮಾತು ಆಡಿದರು, ಇಟಲಿ, ಸ್ಪೇನ್‌ಗಳ ಬಡ್ಡಿದರ ಇಳಿಯಿತು. ಒಳ್ಳೆಯದೇ ಆಯಿತು. ಆದರೆ ಅಷ್ಟು ದೊಡ್ಡ ಭರವಸೆ ಕೊಟ್ಟವರು ಯಾರ ಮತವನ್ನೂ ಪಡೆದವರಲ್ಲ. ಕೋವಿಡ್ ಕಾಲದಲ್ಲಿ, 2020ರ ಜುಲೈನಲ್ಲಿ, 75,000 ಕೋಟಿ ಯೂರೊದಷ್ಟು ದೊಡ್ಡ ಸಾಲವನ್ನು ಎಲ್ಲರ ಹೆಸರಲ್ಲಿ ಎತ್ತಲು ಒಕ್ಕೂಟದ ನಾಯಕರು ಮೊದಲ ಬಾರಿ ಒಪ್ಪಿದರು. ಅದಕ್ಕೂ ನೆದರ್ಲೆಂಡ್ಸ್, ಆಸ್ಟ್ರಿಯ, ಡೆನ್ಮಾರ್ಕ್, ಸ್ವೀಡನ್‌ಗಳನ್ನು ಒಪ್ಪಿಸಲು ನಾಲ್ಕು ಹಗಲು ನಾಲ್ಕು ರಾತ್ರಿ ಬೇಕಾಯಿತು. ತಮಾಷೆಯೆಂದರೆ ಆ ನಾಲ್ಕರಲ್ಲಿ ಎರಡು ಯೂರೊ ಬಳಸುವುದೇ ಇಲ್ಲ.

ನನ್ನ ತೀರ್ಮಾನ ಇಷ್ಟು. ಯೂರೊ ವಲಯದಲ್ಲಿ ಈಗ ಹತ್ತರಲ್ಲಿ ಏಳಕ್ಕಿಂತ ಹೆಚ್ಚು ಜನ ಯೂರೊ ಬೇಕು ಎನ್ನುತ್ತಾರೆ. ಬ್ರಸೆಲ್ಸಿನವರು ಇದನ್ನು ಪ್ರೀತಿ ಎಂದುಕೊಂಡರೆ ಮೋಸ ಹೋಗುತ್ತಾರೆ. ಅದರಲ್ಲಿ ಪ್ರೀತಿಗಿಂತ ಹಳೆಯ ಯಜಮಾನನ ಭಯವೇ ಹೆಚ್ಚು. ಭಯ ಇಪ್ಪತ್ತೈದು ವರ್ಷ ಬಾಳುತ್ತದೆ. ಲೀರಾ, ದ್ರಾಕ್ಮಾ ಕಂಡೇ ಇಲ್ಲದ ಮಕ್ಕಳು ಮತದಾರರಾದಾಗ ಆ ಭಯ ಅವರಿಗೆ ಬಳುವಳಿಯಾಗಿ ಬರುವುದಿಲ್ಲ. ಅವರನ್ನಾದರೂ ನೇರವಾಗಿ ಕೇಳಬೇಕು, ಕೇಳುವ ಮೊದಲು ಅವರು ಜಗಳವಾಡಬಹುದಾದ, ಸೋಲಿಸಬಹುದಾದ ಒಂದು ಖಜಾನೆಯನ್ನು ಕಟ್ಟಿಕೊಡಬೇಕು.

ಈಗಿನ ಯೂರೊ ನೋಟುಗಳನ್ನು ತಿರುಗಿಸಿ ನೋಡಿದರೆ ಹಿಂಬದಿಯಲ್ಲಿ ಒಂದೊಂದು ಸೇತುವೆ. ಆಸ್ಟ್ರಿಯದ ರಾಬರ್ಟ್ ಕಲಿನಾ ಬಿಡಿಸಿದವು. ಯಾವ ದೇಶಕ್ಕೂ ಹೊಟ್ಟೆಕಿಚ್ಚಾಗಬಾರದೆಂದು ಎಲ್ಲಿಯೂ ಇಲ್ಲದ ಸೇತುವೆಗಳನ್ನೇ ಆರಿಸಿದ್ದರು. ಆಮೇಲೆ ನೆದರ್ಲೆಂಡ್ಸ್‌ನ ಸ್ಪೈಕೆನಿಸ್ಸೆ ಎಂಬ ಊರಿನವರು ಆ ಏಳೂ ಸೇತುವೆಗಳನ್ನು ಅದದೇ ಬಣ್ಣದಲ್ಲಿ ತಮ್ಮ ಕಾಲುವೆಗಳ ಮೇಲೆ ಕಟ್ಟಿಯೇಬಿಟ್ಟರು. ಈಗ ಹೊಸ ನೋಟುಗಳ ತಯಾರಿ ನಡೆದಿದೆ. ನದಿ–ಹಕ್ಕಿಗಳೋ, ಮನುಷ್ಯರ ಮುಖಗಳೋ ಎಂಬ ಎರಡು ಪಟ್ಟಿಗಳಿವೆ. ಮುಖಗಳ ಪಟ್ಟಿಯಲ್ಲಿ ಹತ್ತರ ನೋಟಿಗೆ ಬೀಥೋವನ್, ಇಪ್ಪತ್ತರ ನೋಟಿಗೆ ಮೇರಿ ಕ್ಯೂರಿ. ಕ್ಯೂರಿ ಹುಟ್ಟಿದ್ದು ವಾರ್ಸಾದಲ್ಲಿ. ಅಲ್ಲಿ ಇವತ್ತಿಗೂ ನಡೆಯುವ ಹಣ ಝ್ಲೋಟಿ.